ಕಾರು ಲಿಂಗಸುಗೂರಿನಲ್ಲಿ, ಹ್ಯಾಂಡಲ್ ಮಸ್ಕಿಯಲ್ಲಿ

ಹಳೆ ಕಾರು ನೋಡಲು ಹೋದವರೆಲ್ಲ ಮೊದಲು ಬಾನೆಟ್ ಎತ್ತುತ್ತಾರೆ. ನಮ್ಮ ಮಾಮಾ ಮಾತ್ರ ಡಿಕ್ಕಿ ತೆಗೆಸುತ್ತಾರೆ. "ಎಂಜಿನ್ ಹೆಂಗೈತಿ ಅನ್ನೋದು ಬಾನೆಟ್ ಹೇಳ್ತೈತಿ ಅಳಿಯಾ. ಇಟ್ಕೊಂಡಾವ ಹೆಂಗಿದ್ದ ಅನ್ನೋದು ಡಿಕ್ಕಿ ಹೇಳ್ತೈತಿ" ಅನ್ನುವುದು ಅವರ ಲೆಕ್ಕ. ಸಿಂಧನೂರಿನಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವರು. ಕಬ್ಬಿಣದ ವಿಷಯಕ್ಕೆ ಬಂದರೆ ನಾನು ಅವರಿಗೆ ಎದುರಾಡುವುದಿಲ್ಲ.

ನನಗೆ ಐವತ್ತು ವರ್ಷ ದಾಟಿದ ಒಂದು ಅಂಬಾಸಿಡರ್ ಬೇಕಿತ್ತು. ಎರಡು ವರ್ಷದಿಂದ ಬೆಂಗಳೂರಿನಲ್ಲಿ ವೀಕೆಂಡ್ ಬಂದರೆ ಸಾಕು, ಯಾವುದಾದರೂ ಒಂದು ಶೆಡ್ ಮುಂದೆ ನಿಂತಿರುತ್ತಿದ್ದೆ. ನೋಡಿದ ಕಾರುಗಳೆಲ್ಲ ಫಳಫಳ. ಹೊಸ ಪೇಂಟು, ಹೊಸ ಸೀಟು, ಬ್ಲೂಟೂತ್ ಸ್ಟೀರಿಯೋ. ಡಿಕ್ಕಿ ತೆಗೆದರೆ ಮಾತ್ರ ಖಾಲಿ. ಜಾಕ್ ಇಲ್ಲ, ಸ್ಟಾರ್ಟಿಂಗ್ ಹ್ಯಾಂಡಲ್ ಇಲ್ಲ, ಪಾನಾ ಚೀಲ ಇಲ್ಲ, ಕಂಪನಿಯ ಪುಸ್ತಕ ಇಲ್ಲ. ಕೇಳಿದರೆ ಎಲ್ಲರದೂ ಹೆಚ್ಚುಕಮ್ಮಿ ಒಂದೇ ಉತ್ತರ: "ಅದೆಲ್ಲ ಈಗ ಯಾಕೆ ಸರ್, ಫೋನ್ ಮಾಡಿದ್ರೆ ಗಾಡಿ ಎತ್ಕೊಂಡು ಹೋಗೋಕೆ ಜನ ಬರ್ತಾರಲ್ಲ." ಪೇಂಟು ಯಾವತ್ತು ಬೇಕಾದರೂ ಹೊಡೆಸಬಹುದು. 1972ರಲ್ಲಿ ಕಾರಿನ ಜೊತೆಗೇ ಬಂದ ಹ್ಯಾಂಡಲ್ ಎಲ್ಲಿಂದ ತರೋಣ? ಅಂಬಾಸಿಡರ್ ತಯಾರಿಕೆ ಉತ್ತರಪಾರಾದಲ್ಲಿ 2014ಕ್ಕೇ ನಿಂತುಹೋಯಿತು.

ಡಿಸೆಂಬರ್‌ನಲ್ಲಿ ಮಾಮಾ ಫೋನ್ ಮಾಡಿದರು. ಲಿಂಗಸುಗೂರಿನಲ್ಲಿ ಒಬ್ಬ ರಿಟೈರ್ಡ್ ಮಾಸ್ತರ್ ಮನೆಯಲ್ಲಿ 72ರ ಪೆಟ್ರೋಲ್ ಗಾಡಿ ಇದೆ, ಅವರ ತಂದೆ ಕೊಂಡದ್ದು, ಹದಿನೈದು ವರ್ಷದಿಂದ ತಗಡಿನ ಶೆಡ್ಡಿನೊಳಗೆ ನಿಂತಿದೆ, ಎಂಜಿನ್ ಬದಲಾಗಿಲ್ಲ. ಈ ಕೊನೆಯ ಮಾತಿಗೆ ನಾನು ರಾತ್ರಿ ಬಸ್ ಹತ್ತಿದೆ. ಹಳೆ ಪೆಟ್ರೋಲ್ ಅಂಬಾಸಿಡರ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು ಅಪರೂಪವೇನಲ್ಲ. ಹುಟ್ಟಿದ ಎಂಜಿನ್ ಜೊತೆಗೇ ಉಳಿದಿರುವ ಗಾಡಿ ಸಿಗುವುದೇ ಕಷ್ಟ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ದಾರಿಯಲ್ಲಿವೆ. ಚಾಮರಾಜನಗರದಿಂದ ಜೇವರ್ಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೂರನ್ನೂ ಮಣಿ ಪೋಣಿಸಿದ ಹಾಗೆ ಹಿಡಿದುಕೊಂಡಿದೆ. ಈ ತುದಿಯಿಂದ ಆ ತುದಿಗೆ ಸುಮಾರು 60 ಕಿಲೋಮೀಟರ್, ಮಧ್ಯದಲ್ಲಿ ಮಸ್ಕಿ. ಅಷ್ಟು ದೂರದಲ್ಲೇ ನೆಲ ಎಷ್ಟು ಬದಲಾಗುತ್ತದೆ ಅನ್ನುವುದನ್ನು ಮಾಮಾನ ಬೊಲೆರೊ ಕಿಟಕಿಯಿಂದ ನೋಡಬೇಕು. ಸಿಂಧನೂರು ಅಂದರೆ ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆ ಬಂತು, ಕಾಲುವೆಯ ಬೆನ್ನಿಗೆ ಭತ್ತ ಬಂತು, ಭತ್ತದ ಬೆನ್ನಿಗೆ ಆಂಧ್ರದ ರೈತರು ಬಂದು ಕ್ಯಾಂಪ್ ಕಟ್ಟಿದರು. ಆಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಇಲ್ಲೇ ಕ್ಯಾಂಪ್ ಆಯಿತು. ನಾನು ಹೋದಾಗ ಸುಗ್ಗಿ. ಎಲ್ಲಿ ನೋಡಿದರೂ ಟ್ರ್ಯಾಕ್ಟರ್ ಟ್ರಾಲಿ, ಭತ್ತದ ಧೂಳು. ಮಂಡಾಳ ಒಗ್ಗರಣೆ, ಎರಡು ಮಿರ್ಚಿ ತಿಂದು ಹೊರಟೆವು. ಮಸ್ಕಿ ಹತ್ತಿರವಾದಂತೆ ಬಂಡೆಗುಡ್ಡ ಏಳುತ್ತವೆ. ಲಿಂಗಸುಗೂರಿನ ಕಡೆ ತಿರುಗಿದರೆ ತೊಗರಿ, ಕಡಲೆ, ಒಣ ಗಾಳಿ.

ಲಿಂಗಸುಗೂರು ಈಗ ತಾಲ್ಲೂಕು ಕೇಂದ್ರ. ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿ ಅದೇ ಒಂದು ಜಿಲ್ಲೆಯ ಹೆಸರಾಗಿತ್ತು; 1905ರಲ್ಲಿ ರಾಯಚೂರು ಜಿಲ್ಲೆಯೊಳಗೆ ಸೇರಿಹೋಯಿತು. ಸೈನ್ಯದ ಛಾವಣಿಯೂ ಇದ್ದ ಊರು. ಹತ್ತಿರದಲ್ಲೇ ಹಟ್ಟಿ ಚಿನ್ನದ ಗಣಿ, ಇನ್ನೊಂದು ಕಡೆ ಮುದಗಲ್ ಕೋಟೆ.

ಮಾಸ್ತರ್ ಬಾಗಿಲಲ್ಲೇ ಕಾಯುತ್ತಿದ್ದರು. ಎಪ್ಪತ್ತೈದು ದಾಟಿದವರು, ಮೊಣಕಾಲು ನೋವು. ಮಕ್ಕಳಿಬ್ಬರೂ ಪುಣೆಯಲ್ಲಿದ್ದಾರೆ, ಇಬ್ಬರಿಗೂ ಈ ಗಾಡಿ ಬೇಡ. "ಚಾ ಆಗ್ಲಿ ಮೊದಲ" ಅಂದರು. ಮಾಮಾ ಚಾ ಕುಡಿದು ಸೀದಾ ಶೆಡ್ಡಿಗೆ ಹೋಗಿ ಡಿಕ್ಕಿ ಬಾಗಿಲ ಮೇಲೆ ಕೈ ಇಟ್ಟರು.

ಒಳಗೆ ಸ್ಟೆಪ್ನಿ ಇತ್ತು. (ನಾವೆಲ್ಲ ಕನ್ನಡದ್ದೇನೋ ಅನ್ನುವಷ್ಟು ಸಲೀಸಾಗಿ ಬಳಸುವ ಈ ಪದ ವೇಲ್ಸ್ ದೇಶದ ಲಾನೆಲ್ಲಿ ಊರಿನ ಒಂದು ಬೀದಿಯ ಹೆಸರು. ಮೊದಮೊದಲ ಕಾರುಗಳ ಜೊತೆ ಹೆಚ್ಚುವರಿ ಚಕ್ರವೇ ಬರುತ್ತಿರಲಿಲ್ಲ. 1904ರ ಹೊತ್ತಿಗೆ ಆ ಬೀದಿಯ ಅಂಗಡಿಯವರು ಅದನ್ನು ಬೇರೆಯಾಗಿ ಮಾಡಿ ಮಾರಲು ಶುರು ಮಾಡಿದರು.) ವೀಲ್ ಪಾನಾ ಇತ್ತು. ಒಂದು ಕ್ಯಾನ್ವಾಸ್ ಚೀಲದಲ್ಲಿ ಮೂರು ಪಾನಾ. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟ ಕಂಪನಿಯ ಪುಸ್ತಕ. ಜಾಕ್ ಇರಲಿಲ್ಲ. ಹ್ಯಾಂಡಲ್ ಇರಲಿಲ್ಲ. ವೀಲ್ ಕಪ್ ಕೀಳುವ ಚಪ್ಪಟೆ ಸಲಾಕೆಯೂ ಇರಲಿಲ್ಲ.

"ಎಲ್ಲಾ ಇತ್ತರೀ" ಅಂದರು ಮಾಸ್ತರ್. "ಯಾರರ ಬಂದು ಕೇಳಿದ್ರ ಇಲ್ಲ ಅನ್ನಾಕ ನಮ್ಮಪ್ಪಗ ಬರ್ತಿರ್ಲಿಲ್ಲ."

ಆ ಮೂರು ಪಾನಾಗಳ ಬಗ್ಗೆ ಸ್ವಲ್ಪ ಹೇಳಬೇಕು. ಟೂಲ್ ಕಿಟ್ ಅಂದರೆ ಬರೀ ಶೋಕಿ ಅನ್ನುವವರಿಗೆ ನಾನು ಕೊಡುವ ಉತ್ತರ ಅದೇ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ. ಹಾಗಾಗಿ ಅದರ ನಟ್ಟು ಬೋಲ್ಟುಗಳು ಹೆಚ್ಚಿನವು ಇಂಚಿನ ಲೆಕ್ಕದವು, ಇವತ್ತು ಅಂಗಡಿಯಲ್ಲಿ ಸಿಗುವ ಪಾನಾ ಸೆಟ್ ಮಿಲಿಮೀಟರ್ ಲೆಕ್ಕದ್ದು. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಹಾಕಿದರೆ ಕೂರುತ್ತದೆ, ತಿರುಗುತ್ತದೆ. ತುಕ್ಕು ಹಿಡಿದ ನಟ್ಟಿನ ಮೇಲೆ ಬಲ ಹಾಕಿದಾಗ ಮಾತ್ರ ಜಾರಿ ಮೂಲೆಗಳನ್ನು ಸವೆಸುತ್ತದೆ. 9/16 ಇಂಚು 14.29 ಮಿ.ಮೀ.; ಅದಕ್ಕೆ 14 ಹೋಗುವುದೇ ಇಲ್ಲ, 15 ಸಡಿಲ. 3/4ಕ್ಕೆ ಮಾತ್ರ 19 ಸರಿಹೋಗುತ್ತದೆ, ಎರಡಕ್ಕೂ ವ್ಯತ್ಯಾಸ ಕೂದಲೆಳೆಯಷ್ಟು. ಎಂಜಿನ್ನಿನ ಮೇಲೆ ಗುಂಡಗಾದ ನಟ್ಟುಗಳು ಕಂಡರೆ ಪಾನಾ ಚೀಲ ಕಳೆದು ಎಷ್ಟೋ ವರ್ಷವಾಯಿತು ಅಂತಲೇ ಅರ್ಥ.

ಇದರ ಮೇಲೆ ವಿಟ್‌ವರ್ತ್ ಅನ್ನುವ ಇನ್ನೊಂದು ತಲೆನೋವಿದೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮಾಡಿದ ಬ್ರಿಟಿಷ್ ಅಳತೆ ಅದು. ಆ ಪಾನಾದ ಮೇಲೆ 1/4 ಅಂತ ಇದ್ದರೆ ಅದರ ಬಾಯಿ 1/4 ಇಂಚು ಇರುವುದಿಲ್ಲ, ಅರ್ಧ ಇಂಚಿಗಿಂತ ಸ್ವಲ್ಪ ದೊಡ್ಡದೇ ಇರುತ್ತದೆ. ಅಲ್ಲಿ ಬರೆದಿರುವುದು ಬೋಲ್ಟಿನ ದಪ್ಪ, ತಲೆಯ ಅಗಲವಲ್ಲ. ಇಂಥ ಹೆಸರಿಟ್ಟ ವೇರಿಯಬಲ್ ಯಾರಾದರೂ ಕೋಡ್ ರಿವ್ಯೂಗೆ ತಂದರೆ ನಾನಂತೂ ವಾಪಸ್ ಕಳಿಸುತ್ತೇನೆ. ಗುಜರಿಯಲ್ಲಿ "ಒರಿಜಿನಲ್ ಅಂಬಾಸಿಡರ್ ಪಾನಾ" ಅಂತ ಕೊಡುವುದರಲ್ಲಿ ಎಷ್ಟೋ ಸಲ ಎರಡೂ ಜಾತಿ ಕಲೆತಿರುತ್ತವೆ. ಮಾಸ್ತರ್ ಚೀಲದ ಮೂರೂ ಇಂಚಿನವು. ಅವುಗಳ ಬಾಯಿ ಅಗಲವಾಗಿರಲಿಲ್ಲ. ಮಾಮಾ ಎಂಜಿನ್ನಿನ ನಟ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿದರು. ಮೂಲೆ ಹರಿತವಾಗಿಯೇ ಇದ್ದವು.

ಮಾಸ್ತರ್ ಹೇಳಿದ ಬೆಲೆ ಎರಡು ಲಕ್ಷದ ಎಪ್ಪತ್ತೈದು ಸಾವಿರ. ಆರ್‌ಸಿ ಪುಸ್ತಕ, ಚಾಸಿ ನಂಬರು, ಎಂಜಿನ್ ನಂಬರು ಮೂರೂ ತಾಳೆಯಾದವು. ಇದು ಮುಖ್ಯ, ಯಾಕೆಂದರೆ 2021ರಿಂದ ಕೇಂದ್ರ ಸರ್ಕಾರದ ವಿಂಟೇಜ್ ನಿಯಮ ಬಂದಿದೆ: ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಉಳಿದ ಗಾಡಿಗೆ ‘ವಿಎ’ ಸರಣಿಯ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಅದನ್ನು ತೆಗೆದುಕೊಂಡರೆ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಷ್ಟಕ್ಕೇ ರಸ್ತೆಗೆ ತರಬೇಕು. ಡಿಕ್ಕಿಯಲ್ಲಿ ಜಾಕ್ ಇದೆಯಾ ಅಂತ ನಿಯಮ ಕೇಳುವುದಿಲ್ಲ. ಅದನ್ನು ಕೇಳುವವರು ಹೊರದೇಶದ ಸಂಗ್ರಾಹಕರು. ಪೋರ್ಷೆ 356, ಜಾಗ್ವಾರ್ ಇ-ಟೈಪ್ ಥರದ ಕಾರುಗಳ ಪಾನಾ ಚೀಲವನ್ನು ಪ್ರತ್ಯೇಕವಾಗಿಯೇ ಕೊಂಡು ಮಾರುತ್ತಾರೆ. ಹಳೆ ಫೆರಾರಿಯ ಕಿಟ್ ಒಂದಕ್ಕೆ ಲಕ್ಷಗಟ್ಟಲೆ ರೂಪಾಯಿ ಹೋಗುತ್ತದೆ. ಅಷ್ಟು ದುಡ್ಡಿರುವ ಕಡೆ ನಕಲಿಯೂ ಇರುತ್ತದೆ. ನಮ್ಮ ಅಂಬಾಸಿಡರ್‌ಗೆ ಇನ್ನೂ ಆ ಭಾಗ್ಯ ಬಂದಿಲ್ಲ, ಬರುವುದೂ ಬೇಡ.

ನಮಗೆ ಹ್ಯಾಂಡಲ್ ಬೇಕಾಗಿದ್ದು ಬೇರೆ ಕಾರಣಕ್ಕೆ. ಹದಿನೈದು ವರ್ಷ ನಿಂತ ಎಂಜಿನ್ನಿಗೆ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯುವುದು ಅಂದರೆ ಆಸ್ಪತ್ರೆಯಿಂದ ಎದ್ದವರನ್ನು ಓಟದ ಪಂದ್ಯಕ್ಕೆ ಬಿಟ್ಟ ಹಾಗೆ. ಒಳಗೆ ಪಿಸ್ಟನ್ ಉಂಗುರ ಗೋಡೆಗೆ ಅಂಟಿರಬಹುದು, ವಾಲ್ವ್ ಹಿಡಿದಿರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರ್‌ಗೂ ಸ್ವಲ್ಪ ಎಣ್ಣೆ ಬಿಟ್ಟು, ರಾತ್ರಿಯಿಡೀ ಬಿಡಬೇಕು. ಮಾರನೇ ದಿನ ಹ್ಯಾಂಡಲ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಬೇಕು. ಎಲ್ಲಿ ಹಿಡಿಯುತ್ತದೆ ಅನ್ನುವುದು ಕೈಗೆ ಗೊತ್ತಾಗುತ್ತದೆ. ಟಾಪ್ ಗೇರಿಗೆ ಹಾಕಿ ಗಾಡಿಯನ್ನು ತಳ್ಳಿಯೂ ನೋಡಬಹುದು, ಆದರೆ ಇದರ ನಾಲ್ಕೂ ಟೈರು ನೆಲಕ್ಕೆ ಕೂತಿದ್ದವು, ಬ್ರೇಕ್ ಹಿಡಿದಿತ್ತು. ಎಂಜಿನ್ ತಿರುಗುತ್ತದೋ ಇಲ್ಲವೋ ಗೊತ್ತಾಗದೆ ಬೆಲೆ ಮಾತಾಡುವುದು ಹೇಗೆ? ಮಾಸ್ತರ್‌ಗೂ ಅದೇ ಭಯ. ನಿಂತುಹೋದ ಎಂಜಿನ್ ಅಂತಾದರೆ ಗಾಡಿ ಗುಜರಿ ತೂಕಕ್ಕೆ ಇಳಿಯುತ್ತದೆ. ಅಂಥ ಒಬ್ಬ ಗಿರಾಕಿ ಆಗಲೇ ಬಂದು ಹೋಗಿದ್ದನಂತೆ.

ಆಗ ಮಾಸ್ತರ್ ಕಂಪನಿಯ ಪುಸ್ತಕ ತೆಗೆದು ಕೊನೆಯ ಹಾಳೆ ತೋರಿಸಿದರು. ಅವರಪ್ಪನ ಅಕ್ಷರ, ನೀಲಿ ಶಾಯಿ. ಯಾರು ಏನು ಒಯ್ದರು ಅನ್ನುವ ಪಟ್ಟಿ. ಗಾಳಿ ಪಂಪು, ಹಗ್ಗ, ಗ್ರೀಸ್ ಗನ್ ಎಲ್ಲ ವಾಪಸ್ ಬಂದು ಗೀಟು ಹೊಡೆಸಿಕೊಂಡಿದ್ದವು. ಗೀಟಿಲ್ಲದ ಸಾಲು ಎರಡೇ. ಹ್ಯಾಂಡಲ್, ಮಸ್ಕಿಯ ಒಬ್ಬ ಮಿಸ್ತ್ರಿ. ಜಾಕ್, ಸಿಂಧನೂರಿನ ಒಂದು ರೈಸ್ ಮಿಲ್. ಎರಡೂ ಮೂವತ್ತು ವರ್ಷದ ಹಿಂದಿನ ಮಾತು.

ನಾನು ಟೂಲ್ ಕಿಟ್ ಬಗ್ಗೆ ಓದಿದ್ದರಲ್ಲೆಲ್ಲ ಕಳೆದುಹೋಗಿದೆ ಅಂತ ಇರುತ್ತದೆ. ಈ ಕಡೆ ಕಬ್ಬಿಣ ಕಳೆಯುವುದು ಕಮ್ಮಿ, ಕೆಲಸ ಇರುವ ಕಡೆ ಹೋಗಿರುತ್ತದೆ. ಹಳೆ ಲಾರಿಯ ಪಾಟಾ ಕಮ್ಮಾರನ ಕುಲುಮೆಯಲ್ಲಿ ಕುಡುಗೋಲಾಗುತ್ತದೆ. ಊರಿಗೆ ಎರಡೋ ಮೂರೋ ಕಾರಿದ್ದ ಕಾಲದಲ್ಲಿ ಕಾರಿನ ಜಾಕ್ ಅಂದರೆ ಅರ್ಧ ಊರಿನ ಜಾಕ್.

ಪ್ಲಗ್ ಬಿಚ್ಚಿ ಎಣ್ಣೆ ಬಿಟ್ಟು ಮಸ್ಕಿಗೆ ವಾಪಸಾದೆವು. ಮಿಸ್ತ್ರಿ ತೀರಿಹೋಗಿ ಎಷ್ಟೋ ವರ್ಷ. ಮಗನ ಗ್ಯಾರೇಜ್ ಹೆದ್ದಾರಿ ಬದಿಯಲ್ಲೇ ಇದೆ ಅಂತ ಮಾಮಾನಿಗೆ ಗೊತ್ತಿತ್ತು. ಆತ ಊಟಕ್ಕೆ ಹೋಗಿದ್ದ, ಒಂದು ತಾಸು ಬಿಡುವು ಸಿಕ್ಕಿತು. ಹಾಗಾಗಿ ಅಶೋಕನ ಶಾಸನ ನೋಡಿ ಬಂದೆವು.

ಶಾಲೆಯ ಪುಸ್ತಕದಲ್ಲಿ ಒಂದು ಸಾಲಲ್ಲಿ ಮುಗಿದಿದ್ದ ಈ ಶಾಸನದ ಕಥೆ ಚೆನ್ನಾಗಿದೆ. 1915ರಲ್ಲಿ ಇದನ್ನು ಕಂಡವನು ಸಿ. ಬೀಡನ್ ಅನ್ನುವ ಗಣಿ ಎಂಜಿನಿಯರ್, ಹುಡುಕುತ್ತಿದ್ದದ್ದು ಚಿನ್ನವನ್ನು. ಅಲ್ಲಿಯವರೆಗೆ ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಅನ್ನುವ ಬಿರುದು ಇತ್ತು, ರಾಜನ ಸ್ವಂತ ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯ ಮೇಲೆ ಬಿರುದಿನ ಪಕ್ಕದಲ್ಲೇ ಅಶೋಕ ಅಂತ ಇತ್ತು. ಆಮೇಲೆ ಇದೇ ಹೆದ್ದಾರಿಯ ಕೆಳಗಿನ ಸಿರುಗುಪ್ಪ ಕಡೆ ನಿಟ್ಟೂರು, ಉಡೇಗೋಳದಲ್ಲೂ ಹೆಸರು ಸಿಕ್ಕಿತು. 1954ರಲ್ಲಿ ಬಿ. ಕೆ. ಥಾಪರ್ ಇಲ್ಲಿ ಅಗೆಸಿದಾಗ ಸಾವಿರಾರು ವರ್ಷ ಹಿಂದಿನ ಕಲ್ಲಿನ ಸಣ್ಣ ಅಲಗುಗಳು ಬಂದವು. ಅಂದರೆ ಬಳಸಿದವರ ಹೆಸರು ಗೊತ್ತಿಲ್ಲದ ಟೂಲ್ ಕಿಟ್. ಮಾಮಾ ಬಂಡೆಯನ್ನೇ ನೋಡುತ್ತ, "ಬಂಗಾರ ಹುಡುಕಾಕ ಬಂದಾಂವಗ ಹೆಸರು ಸಿಕ್ತು. ನಾವು ಹ್ಯಾಂಡಲ್ ಹುಡುಕಾಕ ಬಂದೀವಿ, ನಮಗೇನು ಸಿಗ್ತೈತೋ" ಅಂದರು.

ನಮಗೆ ಹ್ಯಾಂಡಲ್ಲೇ ಸಿಕ್ಕಿತು. ಗ್ಯಾರೇಜಿನ ಹಿಂದಿನ ಗೋಡೆಗೆ, ಹಳೆ ಫ್ಯಾನ್ ಬೆಲ್ಟುಗಳ ನಡುವೆ ತೂಗುಹಾಕಿತ್ತು. "ನಮ್ಮಪ್ಪ ಇಸ್ಕೊಂಡಿದ್ದರಿ. ಯಾರರ ಕೇಳಾಕ ಬರ್ತಾರ ಅಂತ ಇಟ್ಟಿದ್ವಿ, ಬರಲೇ ಇಲ್ಲ" ಅಂದ ಮಗ, ಮಾರುತ್ತೀರಾ ಅಂತ ನಾನು ಕೇಳುವ ಮೊದಲೇ. ದುಡ್ಡು ಮುಟ್ಟಲಿಲ್ಲ. ಬದಲಿಗೆ ಹಿಡಿಯುವುದನ್ನು ಕಲಿಸಿದ. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳಿನ ಕಡೆಗೇ ಇಡಬೇಕು, ಸುತ್ತ ಬಳಸಬಾರದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಎಂಜಿನ್ ಉಲ್ಟಾ ಹೊಡೆದರೆ ಕೈ ಬಿಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಹೆಬ್ಬೆರಳೋ ಮುಂಗೈಯೋ ಮುರಿಯುತ್ತದೆ. ಅವರಪ್ಪನ ಎಡಗೈ ಸ್ವಲ್ಪ ಸೊಟ್ಟಗಿತ್ತಂತೆ. ಈ ಹ್ಯಾಂಡಲ್‌ನಿಂದಲ್ಲ, ಒಂದು ಜೀಪಿನಿಂದ.

ಮರುದಿನ ಬೆಳಿಗ್ಗೆ ಮತ್ತೆ ಲಿಂಗಸುಗೂರು. ಗೇರ್ ನ್ಯೂಟ್ರಲ್ ಇದೆಯಾ ಅಂತ ಎರಡು ಸಲ ನೋಡಿ, ಬಂಪರ್ ಬಳಿಯ ತೂತಿನಿಂದ ಹ್ಯಾಂಡಲ್ ಒಳಗೆ ತಳ್ಳಿದೆ. ಹಲ್ಲು ಕಚ್ಚಿತು. ಎಳೆದರೆ ಅಲ್ಲಾಡಲಿಲ್ಲ. ಮಾಸ್ತರ್ ಕುರ್ಚಿಯಿಂದ ಎದ್ದು ನಿಂತರು. ಮಾಮಾ "ಜೋರ್ ಮಾಡಬ್ಯಾಡ. ಹಿಂದಮುಂದ ಸ್ವಲ್ಪ ಸ್ವಲ್ಪ ಆಡಿಸು" ಅಂದರು. ಐದು ನಿಮಿಷ ಆಡಿಸಿದ ಮೇಲೆ ಒಳಗೆಲ್ಲೋ ಟಕ್ ಅಂತ ಬಿಟ್ಟುಕೊಂಡು ಅರ್ಧ ಸುತ್ತು ಬಂತು. ಆಮೇಲೆ ಒಂದು ಪೂರ್ತಿ ಸುತ್ತು. ಪ್ಲಗ್ ತೂತುಗಳಿಂದ ಎಣ್ಣೆ ಸಣ್ಣಗೆ ಉಗುಳಿತು. ಪ್ಲಗ್ ವಾಪಸ್ ಹಾಕಿ ಮತ್ತೆ ತಿರುಗಿಸಿದಾಗ ನಾಲ್ಕೂ ಸಿಲಿಂಡರಿನ ಒತ್ತಡ ಒಂದಾದ ಮೇಲೊಂದು ಕೈಗೆ ಸಿಕ್ಕಿತು, ಮೂರನೆಯದು ಮಾತ್ರ ಸ್ವಲ್ಪ ಮೆತ್ತಗೆ. ಮಾಸ್ತರ್ ಏನೂ ಹೇಳಲಿಲ್ಲ. ಹತ್ತಿರ ಬಂದು ಹ್ಯಾಂಡಲ್ ಮೇಲೆ ಕೈಯಿಟ್ಟು ಒಂದು ಸುತ್ತು ತಾವೇ ತಿರುಗಿಸಿದರು. ಮೊಣಕಾಲು ಅವರಿಗೆ ಆ ಹೊತ್ತು ನೋಯಲಿಲ್ಲ ಅನಿಸುತ್ತದೆ.

ಬೆಲೆ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ಎರಡು ಲಕ್ಷದ ಅರವತ್ತು ಸಾವಿರ. ಜಾಕ್ ಇಲ್ಲದ್ದಕ್ಕೆ ಇನ್ನೂ ಐದು ಸಾವಿರ ಇಳಿಸಿ ಅಂತ ಮಾಮಾ ಸುಮ್ಮನೆ ಎಸೆದು ನೋಡಿದರು. "ಜಾಕ್ ಎಲ್ಲೈತಿ ಅಂತ ಬರೆದು ಕೊಟ್ಟೀನಲ್ಲರಿ, ಹೋಗಿ ತಗೋರಿ" ಅಂದರು ಮಾಸ್ತರ್. ಒಂದು ಷರತ್ತು ಹಾಕಿದರು: ಡೀಸೆಲ್ ಎಂಜಿನ್ ಕೂರಿಸಬಾರದು. ನನಗೆ ಕಾಗದದ ಮೇಲೂ ಬರೆದುಕೊಡಬಹುದಾದಷ್ಟು ಸುಲಭದ ಷರತ್ತು.

ಸಿಂಧನೂರಿನ ಮಿಲ್‌ನಲ್ಲಿ ಸುಗ್ಗಿಯ ಗದ್ದಲ. ಮಾಲೀಕರು ಎರಡನೇ ತಲೆಮಾರಿನವರು, ನಮ್ಮ ವಯಸ್ಸಿನವರೇ. ಜಾಕ್ ವಿಷಯ ಅವರಿಗೆ ಗೊತ್ತಿರಲಿಲ್ಲ. ಹಮಾಲರ ಹಿರಿಯನಿಗೆ ಗೊತ್ತಿತ್ತು. ಆತ ನಮ್ಮನ್ನು ಗೋದಾಮಿನ ಹಿಂದಕ್ಕೆ ಕರೆದುಕೊಂಡು ಹೋದ. ಅಕ್ಕಿ ಮೂಟೆಗಳನ್ನು ಲಾರಿಗೆ ಏರಿಸುವ ಕನ್ವೇಯರ್ ಇತ್ತು. ಅಲ್ಲಿ ನೆಲ ಇಳಿಜಾರು. ಕನ್ವೇಯರಿನ ಒಂದು ಮೂಲೆಯ ಕೆಳಗೆ ನಮ್ಮ ಜಾಕ್ ನಿಂತಿತ್ತು. ಸ್ಕ್ರೂ ತುಂಬ ಗ್ರೀಸು. ಲಾರಿಯ ಎತ್ತರ ನೋಡಿಕೊಂಡು ದಿನಕ್ಕೆ ಹತ್ತಾರು ಸಲ ಅದನ್ನು ಏರಿಸಿ ಇಳಿಸುತ್ತಾರೆ. "ಹೊಸಾದು ಎರಡು ತಂದು ನೋಡಿದ್ವಿ ಯಪ್ಪಾ. ಎಣ್ಣಿ ಸೋರಿ ತಾನ ಇಳಿತಿತ್ತು. ಇದು ನಿಂತಲ್ಲೇ ನಿಂದ್ರತೈತಿ" ಅಂದ.

ಮಾಲೀಕರು ತೆಗೆಸಿ ಕೊಡುತ್ತೇನೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನಾನು ಬೇಡ ಅಂದೆ. ನನ್ನ ಗಾಡಿ ವರ್ಷಕ್ಕೆ ಐನೂರು ಕಿಲೋಮೀಟರ್ ಓಡಿದರೆ ಹೆಚ್ಚು, ಜಾಕ್ ಡಿಕ್ಕಿಯಲ್ಲಿ ಮಲಗಿರುತ್ತದೆ. ಇಲ್ಲಿ ಅದರ ಮೇಲೆ ನಾಲ್ಕು ಜನರ ಬೆನ್ನು ನಿಂತಿದೆ. ಮಾಮಾನಿಗೆ ಇದು ಪೂರ್ತಿ ಹಿಡಿಸಲಿಲ್ಲ. "ಹಂಗಾದ್ರ ಮಾಸ್ತರ್ ಹತ್ರ ಐದು ಸಾವಿರ ಯಾಕ ಕೇಳಿಸಿದಿ?" ಅಂದರು. ಕೇಳಿದ್ದು ನಾನಲ್ಲ ಅಂತ ನೆನಪಿಸಿದೆ. ಒಂದು ಫೋಟೋ ತೆಗೆದುಕೊಂಡೆ, ಗ್ರೀಸ್ ಒರೆಸಿ ಅದರ ಎತ್ತರ, ತಲೆಯ ಅಗಲ ಅಳತೆ ಹಿಡಿದುಕೊಂಡೆ. ಮುಂದೊಂದು ದಿನ ಬೆಂಗಳೂರಿನ ಸಂಡೇ ಬಜಾರಿನಲ್ಲೋ ಶಿವಾಜಿನಗರದ ಗುಜರಿಯಲ್ಲೋ ಅದೇ ಥರದ್ದು ಕಂಡರೆ ಗುರುತು ಹಿಡಿಯಲು ಬೇಕು.

ನೀವು ಇಂಥ ಗಾಡಿ ನೋಡಲು ಹೋಗುವುದಿದ್ದರೆ ಒಂದು ಮಾತು. ಏನು ಇಲ್ಲವೋ ಅದರ ಬೆಲೆ ಕಡಿಮೆ ಮಾಡಿ ಅಂತ ಕೇಳುವ ಮೊದಲು, ಯಾರ ಹತ್ತಿರ ಇದೆ ಅಂತ ಕೇಳಿ. ದೊಡ್ಡ ಊರಿನ ಡೀಲರ್‌ಗೆ ಈ ಪ್ರಶ್ನೆ ಅರ್ಥವಾಗುವುದಿಲ್ಲ. ಮನೆಯವರಿಗೆ ಅರ್ಥವಾಗುತ್ತದೆ, ಉತ್ತರವೂ ಗೊತ್ತಿರುತ್ತದೆ. ಎರಡನೇ ಕೀಲಿ, ಕಂಪನಿಯ ಪುಸ್ತಕ, ವೀಲ್ ಕಪ್ ಇವನ್ನು ದೇವರ ಮನೆಯ ಗೂಡು, ಅಟ್ಟ, ಅಡುಗೆಮನೆ ಎಲ್ಲ ಕಡೆ ಹುಡುಕಿಸಿ.

ಅಡುಗೆಮನೆ ಅಂದದ್ದು ಸುಮ್ಮನೆ ಅಲ್ಲ. ಗಾಡಿ ಲಾರಿ ಮೇಲೆ ಬೆಂಗಳೂರು ತಲುಪಿದ ಮರುವಾರ ಮಾಸ್ತರ್ ಫೋನ್ ಮಾಡಿದರು. ವೀಲ್ ಕಪ್ ಕೀಳುವ ಸಲಾಕೆ ಸಿಕ್ಕಿದೆ. ನಲವತ್ತು ವರ್ಷದಿಂದ ಅಮ್ಮಾರು ಅದರಲ್ಲಿ ಎಣ್ಣೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಾರಂತೆ. ಕೊಡಲು ಅವರದೇನೂ ಅಡ್ಡಿಯಿಲ್ಲ. ಅಷ್ಟೇ ಉದ್ದದ, ಬಾಗದ ಒಂದು ಸ್ಕ್ರೂ ಡ್ರೈವರ್ ಮೊದಲು ಕಳಿಸಬೇಕು, ಆಮೇಲೆ ಸಲಾಕೆ ಬರುತ್ತದೆ.